ಕಾರ್ಡಿನ ಮೂಲೆ ಓದಿ, ಕಲಾವಿದರ ಹೆಸರು ಹುಡುಕಿ

ಮನೆಯಲ್ಲಿ ಪೋಕೆಮಾನ್ ಕಾರ್ಡುಗಳಿದ್ದರೆ ಒಂದನ್ನು ಕೈಗೆತ್ತಿಕೊಂಡು ಕೆಳ ಅಂಚು ನೋಡಿ. ತೀರಾ ಸಣ್ಣದಾಗಿ ಎರಡು ಅಂಕಿಗಳಿವೆ, ನಡುವೆ ಒಂದು ಓರೆಗೆರೆ. 2023ರ ಸೆಪ್ಟೆಂಬರಿನಲ್ಲಿ ಬಂದ ‘151’ ಎಂಬ ಸರಣಿಯ ಚಾರಿಜಾರ್ಡ್ ಇಎಕ್ಸ್ ಕಾರ್ಡನ್ನೇ ತೆಗೆದುಕೊಳ್ಳೋಣ. ಅದರ ಒಂದು ರೂಪದಲ್ಲಿ 006/165 ಎಂದಿದೆ, ಇನ್ನೊಂದರಲ್ಲಿ 183/165, ಮತ್ತೊಂದರಲ್ಲಿ 199/165. ಮೂರರಲ್ಲೂ ಪ್ರಾಣಿ ಅದೇ, ಶಕ್ತಿ 330 ಅದೇ, ದಾಳಿಗಳೂ ಅವೇ. ಬದಲಾಗಿರುವುದು ಚಿತ್ರ ಮತ್ತು ಮುದ್ರಣದ ಹೊಳಪು, ಅಷ್ಟೇ. ಪೇಟೆಯಲ್ಲಿ ಮಾತ್ರ ಮೊದಲನೆಯದಕ್ಕೂ ಮೂರನೆಯದಕ್ಕೂ ಅಜಗಜಾಂತರ.

165 ಕಾರ್ಡುಗಳ ಸರಣಿಗೆ 199ನೆಯ ಕಾರ್ಡು ಎಲ್ಲಿಂದ ಬಂತು? ಸರಣಿಯ ಮುಖ್ಯ ಪಟ್ಟಿ 165ಕ್ಕೆ ಮುಗಿಯುತ್ತದೆ. ಅದೇ ಪಾತ್ರಗಳನ್ನು ಬೇರೆ ಕಲಾವಿದರಿಂದ, ಬೇರೆ ಕಲ್ಪನೆಯಲ್ಲಿ ಬರೆಸಿದ ವಿಶೇಷ ಚಿತ್ರಗಳಿಗೆ, ಅಂದರೆ ಆಲ್ಟ್ ಆರ್ಟ್‌ಗಳಿಗೆ, ಅಲ್ಲಿಂದ ಮುಂದಿನ ಅಂಕಿಗಳು ಸಲ್ಲುತ್ತವೆ. ಎಡಗಡೆಯ ಅಂಕಿ ಬಲಗಡೆಯದಕ್ಕಿಂತ ದೊಡ್ಡದಿದ್ದರೆ ಕಾರ್ಡನ್ನು ಬೆರಳಲ್ಲಿ ತಿಕ್ಕಬೇಡಿ. ಮೊದಲು ಒಂದು ಪ್ಲಾಸ್ಟಿಕ್ ಸ್ಲೀವಿಗೆ ಸೇರಿಸಿ, ಆಮೇಲೆ ಮಾತು.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಮನೆಗಳಲ್ಲಿ ಈ ಮಾತು ಈಗ ಬೇಕಾಗಿದೆ. ಹೋಟೆಲು, ಬ್ಯಾಂಕು, ಕಾರ್ಖಾನೆ ಎಂದು ಊರು ಬಿಟ್ಟು ಬಂದವರ ಮೊಮ್ಮಕ್ಕಳು ಸೊಸೈಟಿಯ ಅಂಗಳದಲ್ಲಿ ‘ಆಲ್ಟ್ ಆರ್ಟ್’, ‘ಫುಲ್ ಆರ್ಟ್’, ‘ಎಸ್‌ಐಆರ್’ ಎಂದು ಮಾತಾಡಿಕೊಳ್ಳುತ್ತಾರೆ. ದುಡ್ಡು ಕೊಡುವ ಅಪ್ಪ ಅಮ್ಮನಿಗೆ ಅದೆಲ್ಲ ಒಗಟು. ಕನ್ನಡದಲ್ಲಿ ಈ ಕಾರ್ಡುಗಳು ಅಚ್ಚಾಗುವುದಿಲ್ಲ. ಆದರೂ ಇವನ್ನು ಓದಲು ಇಂಗ್ಲಿಷಿನ ಪಾಂಡಿತ್ಯವೇನೂ ಬೇಡ. ಮೂರು ಗುರುತುಗಳು ಗೊತ್ತಿದ್ದರೆ ಸಾಕು: ಅಂಕಿ, ನಕ್ಷತ್ರ, ಕಲಾವಿದರ ಹೆಸರು.

ಅಂಕಿಯ ಮಾತು ಆಯಿತು. ಅದರ ಪಕ್ಕದಲ್ಲೇ ಒಂದು ಪುಟ್ಟ ಚಿಹ್ನೆ ಇರುತ್ತದೆ. ಚುಕ್ಕಿ ಇದ್ದರೆ ಸಾಮಾನ್ಯ, ವಜ್ರಾಕಾರ ಇದ್ದರೆ ತುಸು ಅಪರೂಪ, ಒಂದು ಕಪ್ಪು ನಕ್ಷತ್ರ ಇದ್ದರೆ ರೇರ್. 2023ರ ಮಾರ್ಚಿನಲ್ಲಿ ಆರಂಭವಾದ ಸ್ಕಾರ್ಲೆಟ್ ಅಂಡ್ ವಯಲೆಟ್ ಸರಣಿಯಿಂದ ಇದಕ್ಕೆ ಹೊಸ ಮೆಟ್ಟಿಲುಗಳು ಸೇರಿದವು. ಎರಡು ಕಪ್ಪು ನಕ್ಷತ್ರ ಡಬಲ್ ರೇರ್. ಎರಡು ಬೆಳ್ಳಿ ನಕ್ಷತ್ರ ಅಲ್ಟ್ರಾ ರೇರ್, ಅಂದರೆ ಚಿತ್ರ ಕಾರ್ಡಿನ ತುಂಬಾ ಹರಡಿಕೊಂಡ ಫುಲ್ ಆರ್ಟ್. ಒಂದು ಚಿನ್ನದ ನಕ್ಷತ್ರ ಇಲ್ಲಸ್ಟ್ರೇಷನ್ ರೇರ್. ಎರಡು ಚಿನ್ನದ ನಕ್ಷತ್ರ ಸ್ಪೆಷಲ್ ಇಲ್ಲಸ್ಟ್ರೇಷನ್ ರೇರ್, ಮಕ್ಕಳ ಬಾಯಲ್ಲಿ ಎಸ್‌ಐಆರ್. ಮೂರು ಚಿನ್ನದ ನಕ್ಷತ್ರ ಹೈಪರ್ ರೇರ್, ಮೈಯೆಲ್ಲ ಹೊಂಬಣ್ಣ. ಮೇಲೆ ಹೇಳಿದ 199/165 ಎರಡು ಚಿನ್ನದ ನಕ್ಷತ್ರದ್ದು.

ನನ್ನ ಕಣ್ಣಿಗೆ ಈ ಏಣಿಯ ತುದಿಯ ಮೆಟ್ಟಿಲಿಗಿಂತ ಅದರ ಕೆಳಗಿನ ಎರಡು ಮೆಟ್ಟಿಲುಗಳೇ ಚಂದ. ಹೈಪರ್ ರೇರ್‌ನಲ್ಲಿ ಚಿನ್ನದ ಮಿಂಚು ಜಾಸ್ತಿ, ಚಿತ್ರ ಕಡಿಮೆ. ಇಲ್ಲಸ್ಟ್ರೇಷನ್ ರೇರ್‌ಗಳಲ್ಲಿ ಪಾತ್ರಕ್ಕೆ ಒಂದು ಬದುಕು ಸಿಗುತ್ತದೆ. ಅಲ್ಲಿ ಅದು ಜಗಳಕ್ಕೆ ನಿಂತಿರುವುದಿಲ್ಲ, ಎಲ್ಲೋ ಮಲಗಿರುತ್ತದೆ, ತಿನ್ನುತ್ತಿರುತ್ತದೆ, ಮಳೆ ನೋಡುತ್ತಿರುತ್ತದೆ. ಈ ಮೆಟ್ಟಿಲುಗಳು ಬರುವ ಮೊದಲಿನ, 2021ರ ಆಗಸ್ಟಿನ ಇವಾಲ್ವಿಂಗ್ ಸ್ಕೈಸ್ ಸರಣಿಯ ಅಂಬ್ರಿಯಾನ್ ವಿಮ್ಯಾಕ್ಸ್ 215/203ರಲ್ಲಿ ಕಪ್ಪು ಪ್ರಾಣಿಯೊಂದು ಗೋಪುರದ ತುದಿಯಲ್ಲಿ ನಿಂತು ಚಂದ್ರನತ್ತ ಕೈಚಾಚಿದೆ. ಬರೆದವರು ಕೆಯಿಚಿರೊ ಇತೊ. ಸಂಗ್ರಾಹಕರು ಅದಕ್ಕೆ ಮೂನ್‌ಬ್ರಿಯಾನ್ ಎಂದೇ ಹೆಸರಿಟ್ಟಿದ್ದಾರೆ. ಅದೇ ಸರಣಿಯಲ್ಲಿರುವ ಅದರ ಸಾದಾ ರೂಪಕ್ಕೂ ಇದಕ್ಕೂ ಬೆಲೆಯಲ್ಲಿ ಭಾರಿ ವ್ಯತ್ಯಾಸ.

ಮೂರನೆಯ ಗುರುತನ್ನು ಹೆಚ್ಚಿನವರು ನೋಡುವುದೇ ಇಲ್ಲ. ‘ಇಲ್ಲಸ್’ ಎಂಬ ಪುಟ್ಟ ಅಕ್ಷರಗಳ ಮುಂದೆ ಚಿತ್ರ ಬರೆದವರ ಹೆಸರಿರುತ್ತದೆ. ಮಕ್ಕಳಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಮಿತ್ಸುಹಿರೊ ಅರಿತಾ ಎಂಬ ಹೆಸರು ಸಿಕ್ಕರೆ, ಅವರು 1996ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಬಂದ ಮೊತ್ತಮೊದಲ ಸರಣಿಯ ಚಾರಿಜಾರ್ಡ್ ಬರೆದವರು ಎಂದು ತಿಳಿಯಿರಿ. ಯೂಕಾ ಮೊರಿಯಿ ಎಂದಿದ್ದರೆ ಚಿತ್ರವನ್ನು ಇನ್ನೊಮ್ಮೆ ನೋಡಿ. ಅವರು ಜೇಡಿಮಣ್ಣಿನಲ್ಲಿ ಬೊಂಬೆ ಮಾಡಿ, ಅದನ್ನು ಗಿಡ ಕಲ್ಲುಗಳ ನಡುವೆ ಇಟ್ಟು ಫೋಟೊ ತೆಗೆಯುತ್ತಾರೆ. ಅವರ ಕಾರ್ಡುಗಳಲ್ಲಿ ಅನೇಕವು ಚುಕ್ಕಿ ಗುರುತಿನ ಸಾಮಾನ್ಯ ಕಾರ್ಡುಗಳೇ, ಪುಡಿಗಾಸಿಗೆ ಸಿಗುತ್ತವೆ. ಬೈಂಡರನ್ನು ಬೆಲೆಯ ಪ್ರಕಾರ ಜೋಡಿಸುವ ಬದಲು ಕಲಾವಿದರ ಪ್ರಕಾರ ಜೋಡಿಸಿದರೆ ಸಣ್ಣ ಸಂಗ್ರಹವೂ ತುಂಬಿಕೊಂಡು ಕಾಣುತ್ತದೆ. ಆಗ ದುಬಾರಿ ಕಾರ್ಡಿನ ಮೇಲಿನ ಹಟವೂ ಇಳಿಯುತ್ತದೆ.

ಬೇರೆ ಆಟಗಳಲ್ಲಿ ಗುರುತುಗಳೂ ಬೇರೆ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಮ್ಯಾಜಿಕ್ ದ ಗ್ಯಾದರಿಂಗ್‌ನಲ್ಲಿ ಒಂದೇ ಕಾರ್ಡಿಗೆ ಹಲವು ಚಿತ್ರ ಕೊಡುವ ಪದ್ಧತಿ ಆರಂಭದಿಂದಲೇ ಇತ್ತು. 2019ರಲ್ಲಿ ಕಲೆಕ್ಟರ್ ಬೂಸ್ಟರ್ ಎಂಬ ದುಬಾರಿ ಪ್ಯಾಕು ಬಂದಮೇಲೆ ಅಂಚಿಲ್ಲದ ಚಿತ್ರ, ಷೋಕೇಸ್ ಚೌಕಟ್ಟು ಎಂದು ರೂಪಗಳು ಬೆಳೆಯುತ್ತಲೇ ಹೋದವು. ನಮ್ಮವರು ಒಮ್ಮೆ ನೋಡಲೇಬೇಕಾದದ್ದು ಆ ಆಟದ 2016ರ ಕಲಾದೇಶ್ ಸರಣಿ. ಭಾರತದ ಉಡುಗೆ, ಲೋಹದ ಜಾಲಂಧ್ರದ ಕುಸುರಿ, ಚಂದ್ರಾ, ಸಹೇಲಿ ಎಂಬ ಹೆಸರುಗಳು ಅದರಲ್ಲಿವೆ. ಅದರ ‘ಇನ್ವೆನ್ಷನ್ಸ್’ ಎಂಬ 54 ವಿಶೇಷ ಕಾರ್ಡುಗಳಿಗೆ ಆ ಕುಸುರಿಯದೇ ಚೌಕಟ್ಟು. ಇನ್ನು ಒನ್ ಪೀಸ್ ಆಟದಲ್ಲಿ ವಿಶೇಷ ಚಿತ್ರದ ಕಾರ್ಡಿಗೂ ಸಾದಾ ಕಾರ್ಡಿಗೂ ಅಂಕಿ ಒಂದೇ. ಹಾಗಾಗಿ ಅಂಕಿ ಮಾತ್ರ ಹೇಳಿ ಆರ್ಡರ್ ಮಾಡಿದರೆ ಸಾದಾ ಕಾರ್ಡು ಮನೆಗೆ ಬರಬಹುದು. ಮಾರುವವರಿಂದ ಆ ಪ್ರತಿಯದೇ ಫೋಟೊ ಕೇಳಿ ತರಿಸಿಕೊಳ್ಳಿ.

ಬಾಜಾರ್ ಕಲಮ್, ದರ್ಬಾರ್ ಕಲಮ್

ಇದೆಲ್ಲ ಜಪಾನ್, ಅಮೆರಿಕದ ಹುಚ್ಚು ಎಂದು ಅಜ್ಜ ಅಜ್ಜಿಯರು ತಳ್ಳಿಹಾಕುವ ಮೊದಲು ಗಂಜೀಫಾವನ್ನು ನೆನೆಯಬೇಕು. ದುಂಡನೆಯ ಎಲೆಗಳ ಆ ಇಸ್ಪೀಟಿನಲ್ಲಿ ದಶಾವತಾರದ ಕಟ್ಟಿಗೆ 120 ಎಲೆ. ಹತ್ತು ಅವತಾರ, ಒಂದೊಂದಕ್ಕೆ ರಾಜ, ಪ್ರಧಾನ ಮತ್ತು ಒಂದರಿಂದ ಹತ್ತರವರೆಗಿನ ಎಣಿಕೆ ಎಲೆಗಳು. ಆಟದಲ್ಲಿ ಮತ್ಸ್ಯರಾಜನ ಬೆಲೆ ಎಲ್ಲೆಡೆ ಮತ್ಸ್ಯರಾಜನದ್ದೇ. ಚಿತ್ರ ಮಾತ್ರ ಮೈಸೂರಿನಲ್ಲಿ ಒಂದು ಥರ, ಸಾವಂತವಾಡಿಯಲ್ಲಿ ಒಂದು ಥರ, ಒಡಿಶಾದಲ್ಲಿ ಮತ್ತೊಂದು ಥರ. ಮೇಲಾಗಿ ಎರಡು ದರ್ಜೆ. ಜನಸಾಮಾನ್ಯರ ಬಾಜಾರ್ ಕಲಮ್ ಬಟ್ಟೆ, ಕಾಗದ, ತಾಳೆಗರಿಯ ಮೇಲೆ. ಅರಮನೆಯ ದರ್ಬಾರ್ ಕಲಮ್ ದಂತ, ಆಮೆಚಿಪ್ಪಿನಂಥ ಬೆಲೆಬಾಳುವ ವಸ್ತುಗಳ ಮೇಲೆ, ಚಿನ್ನದ ಬಣ್ಣದಲ್ಲಿ. ಆಟ ಒಂದೇ, ಎಲೆಯ ಬಲ ಒಂದೇ, ಕೈಕೆಲಸ ಬೇರೆ. ಇಂದಿನ ಆಲ್ಟ್ ಆರ್ಟ್‌ನ ತಿರುಳನ್ನು ನಮ್ಮ ಚಿತ್ರಕಾರರು ಎಂದೋ ಅರಿತಿದ್ದರು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಇನ್ನೂ ಮುಂದೆ ಒಯ್ದರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಛದ ಎಂಬ ಎಲೆಯಾಟಗಳ ವಿವರವಿದೆ. ಅವುಗಳಲ್ಲಿ ದೊಡ್ಡದಾದ ಕೃಷ್ಣರಾಜ ಛದಕ್ಕೆ 360 ಎಲೆಗಳು. ನಮ್ಮ ಕಾಲದಲ್ಲಿ ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರು ಈ ಕಲೆಯನ್ನು ಕೈಯಾರೆ ಉಳಿಸಿಕೊಂಡು ಬಂದವರು. ಮೈಸೂರು ದೂರವಾಯಿತು ಎನ್ನುವವರಿಗೆ ಸಾವಂತವಾಡಿ ಇದೆ. ಥಾಣೆ ಅಥವಾ ಪನ್ವೇಲ್‌ನಲ್ಲಿ ತುತಾರಿ ಎಕ್ಸ್‌ಪ್ರೆಸ್ ಹತ್ತಿದರೆ ಅದರ ಕೊನೆಯ ನಿಲ್ದಾಣ ಸಾವಂತವಾಡಿ ರೋಡ್. ಅಲ್ಲಿನ ಅರಮನೆಯಲ್ಲಿ ಚಿತ್ರಕಾರರು ಕುಳಿತು ಬರೆಯುತ್ತಾರೆ, ಎಲೆಗಳನ್ನು ಮಾರುತ್ತಾರೆ. ಕಾರ್ಡಿನ ಹುಚ್ಚು ಹಿಡಿದ ಮಗುವನ್ನು ಒಮ್ಮೆ ಕರೆದುಕೊಂಡು ಹೋಗಿ. ಅಚ್ಚಿನ ಕಾರ್ಡಿಗೂ ಕುಂಚದಲ್ಲಿ ಬರೆದ ಎಲೆಗೂ ಇರುವ ದೂರ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಪ್ಯಾಕೋ, ಸಿಂಗಲ್ಸೋ

ಇಂಗ್ಲಿಷ್ ಪೋಕೆಮಾನ್ ಪ್ಯಾಕಿನಲ್ಲಿ ಸಾಮಾನ್ಯವಾಗಿ ಆಟಕ್ಕೆ ಬರುವ 10 ಕಾರ್ಡುಗಳಿರುತ್ತವೆ. ಯಾವುದು ಬರುತ್ತದೆ ಎಂಬುದು ಒಡೆಯುವ ತನಕ ಯಾರಿಗೂ ಗೊತ್ತಿಲ್ಲ. ಇದೇ ಅದರ ಸುಖ, ಇದೇ ಅದರ ಅಪಾಯ. ಒಂದು ನಿರ್ದಿಷ್ಟ ಚಿತ್ರ ಬೇಕೆಂದು ಪ್ಯಾಕಿನ ಮೇಲೆ ಪ್ಯಾಕ್ ಒಡೆಯುತ್ತ ಹೋದರೆ, ಆ ಕಾರ್ಡಿನ ಬೆಲೆಗಿಂತ ಹೆಚ್ಚು ದುಡ್ಡು ಹೋಗಿರುತ್ತದೆ, ಕಾರ್ಡು ಮಾತ್ರ ಬಂದಿರುವುದಿಲ್ಲ. ಹುಟ್ಟುಹಬ್ಬಕ್ಕೆ, ಚೌತಿಗೆ, ಪರೀಕ್ಷೆ ಮುಗಿದ ಖುಷಿಗೆ ಒಂದೆರಡು ಪ್ಯಾಕ್ ಒಡೆಯಲಿ. ಮನಸ್ಸಿಗೆ ಹಿಡಿಸಿದ ಚಿತ್ರವನ್ನು ಬಿಡಿಯಾಗಿಯೇ ಕೊಳ್ಳಬೇಕು. ಬಿಡಿ ಕಾರ್ಡಿಗೆ ಈ ವಲಯದಲ್ಲಿ ಸಿಂಗಲ್ಸ್ ಎನ್ನುತ್ತಾರೆ. ಈ ವಿಷಯದಲ್ಲಿ ನನಗೆ ಎರಡನೆಯ ಮಾತಿಲ್ಲ.

ಬೆಲೆ ತಿಳಿಯಲು ಮಾರುವವರು ಹೇಳುವ ದರ ನಂಬಬೇಡಿ. ಈಬೇಯಲ್ಲಿ ‘ಮಾರಾಟವಾದವು’ ಎಂಬ ಪಟ್ಟಿ ತೆರೆದು, ನಿಜವಾಗಿ ಕೈಬದಲಾದ ದರ ನೋಡಿ. ಅಮೆರಿಕದ ಟಿಸಿಜಿಪ್ಲೇಯರ್, ಯುರೋಪಿನ ಕಾರ್ಡ್‌ಮಾರ್ಕೆಟ್ ಕೂಡ ಅಳತೆಗೋಲುಗಳೇ. ಅವನ್ನು ರೂಪಾಯಿಗೆ ತಿರುಗಿಸಿ, ಸಾಗಣೆ ಮತ್ತು ಕಸ್ಟಮ್ಸ್ ಖರ್ಚು ಲೆಕ್ಕ ಹಾಕಿಕೊಂಡು ಚೌಕಾಸಿ ಮಾಡಿ. ಒಂದೇ ಚಿತ್ರ ಜಪಾನೀ, ಇಂಗ್ಲಿಷ್, ಥಾಯ್, ಇಂಡೊನೇಷ್ಯನ್ ಭಾಷೆಗಳಲ್ಲೂ ಅಧಿಕೃತವಾಗಿ ಅಚ್ಚಾಗುತ್ತದೆ, ಭಾಷೆ ಬದಲಾದರೆ ಬೆಲೆ ಬದಲಾಗುತ್ತದೆ. ಬರೀ ಚಿತ್ರಕ್ಕಾಗಿ ಕೊಳ್ಳುವವರಿಗೆ ಇದೊಂದು ಅನುಕೂಲ.

ಹೊಸ ಸರಣಿ ಬಂದ ಮೊದಲ ವಾರಗಳಲ್ಲಿ ಸಿಂಗಲ್ಸ್ ಬೆಲೆ ಏರಿ ನಿಂತಿರುತ್ತದೆ. ಪ್ಯಾಕುಗಳು ಹೆಚ್ಚು ಒಡೆದಂತೆ ಬಹುತೇಕ ಕಾರ್ಡುಗಳು ಇಳಿಯುತ್ತವೆ. ತಾಳಿದವನು ಬಾಳಿಯಾನು.

ನಕಲಿ ಹಿಡಿಯುವುದು

ಸ್ಟೇಷನ್ ರಸ್ತೆಯ ಗಾಡಿಗಳಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ, ಒಂದು ಡಬ್ಬಿಗೆ ಐವತ್ತಕ್ಕೂ ಮಿಕ್ಕಿ ಹೊಂಬಣ್ಣದ ಪ್ಲಾಸ್ಟಿಕ್ ಕಾರ್ಡುಗಳು ಕೆಲವು ನೂರು ರೂಪಾಯಿಗೆ ಬರುತ್ತವಲ್ಲ, ಅವೆಲ್ಲ ನಕಲಿ. 2021ರ ಸೆಲೆಬ್ರೇಷನ್ಸ್ ಸರಣಿಯ ದುಬಾರಿ ಡಬ್ಬಿಯೊಂದರಲ್ಲಿ ಪಿಕಾಚು ಮತ್ತು ಚಾರಿಜಾರ್ಡ್‌ನ ಲೋಹದ ಕಾರ್ಡುಗಳನ್ನು ಕಂಪನಿಯೇ ಕೊಟ್ಟದ್ದುಂಟು. ಆದರೆ ಕಟ್ಟುಕಟ್ಟಾಗಿ ಅಗ್ಗಕ್ಕೆ ಸಿಗುವ ಚಿನ್ನ ಅಸಲಿಯಲ್ಲ. ಚಿಕ್ಕ ಮಕ್ಕಳು ಆಡಿಕೊಳ್ಳಲು ಕೊಂಡರೆ ತಪ್ಪಿಲ್ಲ, ಅಸಲಿ ಎಂದು ಇನ್ನೊಂದು ಮಗುವಿಗೆ ಬದಲಿ ಕೊಟ್ಟರೆ ಜಗಳ ಶುರು.

ಹುಷಾರಾಗಿರಬೇಕಾದದ್ದು ಕಾಗದದ ಮೇಲಿನ ಜಾಣ ನಕಲಿಗಳ ಬಗ್ಗೆ. ಪರೀಕ್ಷೆಗೆ ಒಂದು ಖಚಿತವಾಗಿ ಅಸಲಿಯಾದ ಸಾಮಾನ್ಯ ಕಾರ್ಡನ್ನು ಜೊತೆಗೆ ಇಟ್ಟುಕೊಳ್ಳಿ, ಹೋಲಿಸಿ ನೋಡದೆ ಯಾವ ಪರೀಕ್ಷೆಯೂ ಕೆಲಸ ಮಾಡದು. ಮೊದಲು ಎರಡನ್ನೂ ಒಂದರ ಮೇಲೊಂದು ಇಡಿ. ಪೋಕೆಮಾನ್ ಮತ್ತು ಮ್ಯಾಜಿಕ್ ಕಾರ್ಡುಗಳು ಸುಮಾರು 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದ. ನಕಲಿಯ ಮೂಲೆಯ ದುಂಡು ಹೆಚ್ಚುಕಡಿಮೆ ಇರುತ್ತದೆ. ಬೆನ್ನು ತಿರುಗಿಸಿ. ಅಸಲಿಯ ನೀಲಿಯಲ್ಲಿ ಆಳ ಇರುತ್ತದೆ, ನಕಲಿಯದು ತೊಳೆದ ಹಾಗೆ ನಸುನೇರಳೆ. ಪೋಕೆಮಾನ್ ಹೆಸರಿನ ‘ಇ’ ಅಕ್ಷರದ ಮೇಲಿನ ಗೀಟನ್ನು ಎಷ್ಟೋ ನಕಲಿಗಾರರು ಮರೆಯುತ್ತಾರೆ. ಆಮೇಲೆ ಮೊಬೈಲ್ ಟಾರ್ಚ್. ಅಸಲಿ ಕಾರ್ಡಿನ ಎರಡು ಪದರಗಳ ನಡುವೆ ಕಡುಬಣ್ಣದ ತೆಳು ಪದರ ಇರುವುದರಿಂದ ಬೆಳಕು ಹೆಚ್ಚು ಹಾಯುವುದಿಲ್ಲ. ನಕಲಿ ಮೂಲಕ ಟಾರ್ಚಿನ ಬೆಳಕು ಬಳಬಳನೆ ಸುರಿಯುತ್ತದೆ.

ಎರಡು ಚಿನ್ನದ ನಕ್ಷತ್ರದ ಕಾರ್ಡಾದರೆ ಇನ್ನೂ ಒಂದು ಒಳ್ಳೆಯ ಪರೀಕ್ಷೆ ಇದೆ. ಟ್ಯೂಬ್‌ಲೈಟಿನ ಕೆಳಗೆ ಕಾರ್ಡನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿ. ಅಸಲಿಯ ಮೈಮೇಲೆ ಕೂದಲೆಳೆಯಷ್ಟು ಸಣ್ಣ ಏಣುಗಳು ಎದ್ದು ಕಾಣುತ್ತವೆ. ಅವು ಚಿತ್ರದ ಓಟವನ್ನೇ ಹಿಡಿದು ಸಾಗುತ್ತವೆ: ರೆಕ್ಕೆಯ ಬಳಿ ರೆಕ್ಕೆಯ ದಿಕ್ಕಿಗೆ, ಬೆಂಕಿಯ ಬಳಿ ನಾಲಿಗೆಗಳ ಹಾಗೆ ಸುಳಿದು. ನಕಲಿಯ ಮೈ ಗಾಜಿನಂತೆ ನುಣುಪು, ಇಲ್ಲವೇ ಇಡೀ ಕಾರ್ಡಿಗೆ ಒಂದೇ ಅಚ್ಚಿನ ಗೀರು. ಎಲ್ಲ ಬಗೆಯ ವಿಶೇಷ ಕಾರ್ಡುಗಳಿಗೂ ಈ ಏಣುಗಳಿರುವುದಿಲ್ಲವಾದ್ದರಿಂದ ಅದೇ ಕಾರ್ಡಿನ ಒಳ್ಳೆಯ ವಿಡಿಯೊ ಒಂದನ್ನು ಮೊದಲೇ ನೋಡಿಕೊಂಡಿರಿ.

ಮ್ಯಾಜಿಕ್ ಕಾರ್ಡಿಗೆ ಅಕ್ಕಸಾಲಿಗರ ಭೂತಗನ್ನಡಿ ಬೇಕು. ಬೆನ್ನ ಮೇಲಿನ ಐದು ಬಣ್ಣದ ಚುಕ್ಕೆಗಳಲ್ಲಿ ಹಸಿರಿನದನ್ನು ದೊಡ್ಡದು ಮಾಡಿ ನೋಡಿದರೆ ಅದರೊಳಗೆ ನಾಲ್ಕು ಕೆಂಪು ಕಣಗಳು ಲಂಬಕೋನದಲ್ಲಿ ನಿಂತಿರುವುದು ಕಾಣುತ್ತದೆ. ಒಳ್ಳೊಳ್ಳೆಯ ನಕಲಿಗಳೂ ಅಲ್ಲಿ ಸಿಕ್ಕಿಬೀಳುತ್ತವೆ. ಕಾರ್ಡನ್ನು ಬಗ್ಗಿಸಿ ನೋಡುವುದು, ನೀರು ಹಚ್ಚುವುದು, ಅಂಚು ಹರಿಯುವುದು ಇವೆಲ್ಲ ಕಾರ್ಡನ್ನೇ ಕೊಲ್ಲುವ ಪರೀಕ್ಷೆಗಳು. ಯಾರಾದರೂ ನಿಮ್ಮ ಕಾರ್ಡಿನ ಮೇಲೆ ಮಾಡಹೊರಟರೆ ಕೈ ಹಿಡಿದು ನಿಲ್ಲಿಸಿ.

ಆನ್‌ಲೈನಿನಲ್ಲಿ ಕೊಂಡಾಗ ಲಕೋಟೆಯ ಮುದ್ರೆ ಕಾಣುವಂತೆ ಶುರುಮಾಡಿ, ಒಡೆಯುವುದನ್ನು ಪೂರ್ತಿಯಾಗಿ ಮೊಬೈಲಿನಲ್ಲಿ ಚಿತ್ರೀಕರಿಸಿ. ಬಿಲ್ ಇಟ್ಟುಕೊಳ್ಳಿ. ಅಸಲಿ ಎಂದು ನಕಲಿ ಕೊಟ್ಟ ಅಂಗಡಿ ದುಡ್ಡು ಮರಳಿಸಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.

ಜೂನ್ ಬಂತು, ಕಾರ್ಡು ಬಾಗಿತು

ಥಾಣೆ ಖಾರಿಯ ಎರಡೂ ದಂಡೆಗಳಲ್ಲಿ ಸಂಗ್ರಾಹಕರ ದೊಡ್ಡ ಶತ್ರು ನಕಲಿಗಾರನಲ್ಲ, ತೇವ. ಮಳೆಗಾಲದಲ್ಲಿ ಹೊಳೆಯುವ ಕಾರ್ಡುಗಳು ದೋಣಿಯಂತೆ ಬಾಗುತ್ತವೆ. ಕಾರಣ ಸರಳ. ಕಾರ್ಡಿನ ಕಾಗದ ತೇವ ಹೀರಿ ಹಿಗ್ಗುತ್ತದೆ, ಮೇಲಿನ ಲೋಹದ ಹಾಳೆ ಹಿಗ್ಗುವುದಿಲ್ಲ, ಹೀಗಾಗಿ ಒಂದು ಬದಿ ಇನ್ನೊಂದನ್ನು ಎಳೆಯುತ್ತದೆ. ಏಸಿ ಹಾಕಿದಾಗ ಒಣಗಿ, ಕಿಟಕಿ ತೆರೆದಾಗ ಮತ್ತೆ ನೆನೆದು, ಹೀಗೆ ಏರಿಳಿತವಾದಷ್ಟೂ ಕೆಡುಕು ಜಾಸ್ತಿ. ವಿಶೇಷ ಚಿತ್ರದ ಕಾರ್ಡುಗಳಲ್ಲಿ ಹೊಳಪಿನ ಹಾಳೆ ಕಾರ್ಡಿನ ತುಂಬ ಇರುವುದರಿಂದ ಬಾಗುವುದೂ ಅವೇ ಮೊದಲು.

ಕಾರ್ಡಿಗೆ ಮೊದಲು ಮೈಗೊಪ್ಪುವ ಒಳ ಸ್ಲೀವ್ ಹಾಕಿ, ಅದನ್ನು ತಲೆಕೆಳಗಾಗಿಸಿ ಹೊರ ಸ್ಲೀವಿಗೆ ಇಳಿಸಿ. ಬಾಯಿಗಳು ವಿರುದ್ಧ ದಿಕ್ಕಿಗಿದ್ದರೆ ಗಾಳಿ, ಧೂಳು ಹೊಗುವುದಿಲ್ಲ. ಬೆಲೆಬಾಳುವುದನ್ನು ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿಡಿ. ಕೊಳ್ಳುವಾಗ ಪಿವಿಸಿ ಸೇರದ, ಆಮ್ಲರಹಿತ ಪ್ಲಾಸ್ಟಿಕ್ ಎಂದು ಬರೆದಿದೆಯೇ ನೋಡಿ. ಸ್ಟೇಷನರಿ ಅಂಗಡಿಯ ಮೆತ್ತನೆಯ ಪಿವಿಸಿ ಆಲ್ಬಮ್‌ಗಳು ವರ್ಷ ಕಳೆದಂತೆ ಅಂಟಂಟಾಗಿ ಚಿತ್ರದ ಮೇಲ್ಮೈ ಕಿತ್ತುಕೊಳ್ಳುತ್ತವೆ. ಉಂಗುರದ ಫೈಲೂ ಬೇಡ, ಮೊದಲ ಸಾಲಿನ ಕಾರ್ಡುಗಳಿಗೆ ಉಂಗುರ ಒತ್ತಿ ಗುರುತು ಬೀಳುತ್ತದೆ. ಪಕ್ಕದಿಂದ ತೂರಿಸುವ ಬೈಂಡರ್ ಉತ್ತಮ.

ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಒಳಗೊಂದು ಪುಟ್ಟ ಆರ್ದ್ರತೆ ಮಾಪಕ ಇದ್ದರೆ 40ರಿಂದ 50 ಶೇಕಡದ ನಡುವೆ ನಿಲ್ಲುವಂತೆ ನೋಡಿಕೊಳ್ಳಬಹುದು. ತೀರಾ ಒಣಗಿಸಿದರೂ ಕಾರ್ಡು ಹಿಮ್ಮುಖವಾಗಿ ಬಾಗುತ್ತದೆ, ಹಾಗಾಗಿ ಪೊಟ್ಟಣಗಳನ್ನು ಸುರಿಯಬೇಡಿ. ಹೊರಗೋಡೆಗೆ ತಾಗಿದ ಕಪಾಟು, ಬಚ್ಚಲುಮನೆಯ ಪಕ್ಕದ ಅಟ್ಟ, ನೆಲಮಹಡಿಯ ಮಂಚದ ಕೆಳಗಿನ ಪೆಟ್ಟಿಗೆ ಈ ಮೂರೂ ಮಳೆಗಾಲಕ್ಕೆ ಆಗದ ಜಾಗಗಳು. ಗೋಡೆಗೆ ಫ್ರೇಮ್ ಹಾಕಿ ನೇತುಹಾಕುವುದಾದರೆ ಬಿಸಿಲು ಬೀಳದ ಗೋಡೆ ಆರಿಸಿ. ಬಣ್ಣ ಒಮ್ಮೆ ಮಾಸಿದರೆ ಮರಳದು.

ಆಡುವ ಮಕ್ಕಳಿಗೆ ಬಾಗಿದ ಕಾರ್ಡು ಇನ್ನೊಂದು ತೊಂದರೆ ತರುತ್ತದೆ. ಕಟ್ಟಿನಲ್ಲಿ ಬಾಗಿದ ಎಲೆ ಎಲ್ಲಿದೆ ಎಂದು ಬೆನ್ನು ನೋಡಿಯೇ ಹೇಳಬಹುದಾದರೆ ಪಂದ್ಯದಲ್ಲಿ ಅದು ಗುರುತು ಮಾಡಿದ ಕಾರ್ಡು ಎನಿಸಿಕೊಳ್ಳುತ್ತದೆ. ಪೋಕೆಮಾನ್‌ನ 60 ಕಾರ್ಡುಗಳ ಕಟ್ಟಿನಲ್ಲಿ ಮೂಲ ಎನರ್ಜಿ ಕಾರ್ಡು ಬಿಟ್ಟರೆ ಒಂದು ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರಬಾರದು. ಚಿತ್ರ ಬೇರೆಯಾದರೂ ಹೆಸರು ಒಂದೇ ಆದ್ದರಿಂದ ಎರಡು ಸಾದಾ, ಎರಡು ಆಲ್ಟ್ ಆರ್ಟ್ ಸೇರಿ ನಾಲ್ಕು. ಗೆಲ್ಲಲು ಸಾದಾ ಕಾರ್ಡೇ ಸಾಕು ಎಂಬುದನ್ನು ಮಗುವಿಗೆ ಬಿಡಿಸಿ ಹೇಳಿ.

ಗ್ರೇಡಿಂಗ್ ಬಗ್ಗೆ ಎರಡು ಮಾತು. ಪಿಎಸ್‌ಎ, ಸಿಜಿಸಿಯಂಥ ಅಮೆರಿಕದ ಸಂಸ್ಥೆಗಳು ಕಾರ್ಡನ್ನು ಪರೀಕ್ಷಿಸಿ, ಹತ್ತರವರೆಗಿನ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸುತ್ತವೆ. ಕೊರಿಯರ್, ವಿಮೆ, ಶುಲ್ಕ ಎಲ್ಲ ಸೇರಿದರೆ ಸಣ್ಣ ಬೆಲೆಯ ಕಾರ್ಡಿಗೆ ಇದು ಗಿಟ್ಟುವುದಿಲ್ಲ. ಮುಂದೆ ಬೆಲೆ ಏರಬಹುದೆಂದು ಮಗುವಿನ ಹೆಸರಲ್ಲಿ ಕಾರ್ಡು ಕೂಡಿಡುವುದನ್ನಂತೂ ನಾನು ಒಪ್ಪುವುದಿಲ್ಲ. ಆ ದುಡ್ಡಿಗೆ ಅಂಚೆ ಕಚೇರಿ ಇದೆ. ಜಗತ್ತಿನ ಅತ್ಯಂತ ಹೆಸರುವಾಸಿ ಪೋಕೆಮಾನ್ ಕಾರ್ಡಾದ ‘ಪಿಕಾಚು ಇಲ್ಲಸ್ಟ್ರೇಟರ್’ 1990ರ ದಶಕದ ಕೊನೆಯಲ್ಲಿ ಜಪಾನಿನ ಮಾಸಪತ್ರಿಕೆಯೊಂದರ ಚಿತ್ರಸ್ಪರ್ಧೆಯಲ್ಲಿ ಗೆದ್ದವರಿಗೆ ಬಹುಮಾನವಾಗಿ ಕೊಟ್ಟದ್ದು. ಚಿತ್ರ ಅತ್ಸುಕೊ ನಿಶಿದಾ ಅವರದು. ಅದರ ಒಂದು ಪ್ರತಿಗೆ 2021ರಲ್ಲಿ 52.75 ಲಕ್ಷ ಡಾಲರ್ ಬಂತು. ಗೆದ್ದ ಮಕ್ಕಳು ಅಂದು ಮಾಡಿದ್ದು ಹೂಡಿಕೆಯನ್ನಲ್ಲ, ಬಣ್ಣ ಹಿಡಿದು ಚಿತ್ರ ಬರೆದಿದ್ದರು.

ಬದಲಾಯಿಸುವಾಗ

ಡೊಂಬಿವಲಿಯ ಹುಡುಗ ನೆರೂಳಿನ ಹುಡುಗಿಯೊಡನೆ ಕಾರ್ಡು ಬದಲಾಯಿಸಬೇಕಾದರೆ ನಡುದಾರಿ ಥಾಣೆ, ಟ್ರಾನ್ಸ್‌ಹಾರ್ಬರ್ ಗಾಡಿಗಳು ಅಲ್ಲಿಂದಲೇ ಹೊರಡುತ್ತವೆ. ಆದರೆ 9 ಮತ್ತು 10ನೇ ಪ್ಲಾಟ್‌ಫಾರ್ಮಿನ ನೂಕುನುಗ್ಗಲಲ್ಲಿ ಸ್ಲೀವಿನಿಂದ ಕಾರ್ಡು ತೆಗೆಯಬೇಡಿ. ಹೊರಗೆ ಬಂದು ತಲಾವ್ ಪಾಳಿ ಕೆರೆಯ ಬಳಿ ಎಲ್ಲಾದರೂ ಮೇಜು ಸಿಗುವ ಕಡೆ ಕುಳಿತುಕೊಳ್ಳಿ. ಜೊತೆಗೆ ದೊಡ್ಡವರೊಬ್ಬರಿರಲಿ. ಎರಡೂ ಕಾರ್ಡುಗಳ ಮುಂದು, ಹಿಂದು, ನಾಲ್ಕು ಮೂಲೆಗಳ ಫೋಟೊ ತೆಗೆದು ಪರಸ್ಪರ ಕಳಿಸಿಕೊಳ್ಳಿ. ಎಂಟು ವರ್ಷದ ಮಗುವಿನಿಂದ ಹದಿನೈದರ ಹುಡುಗ ಎಸ್‌ಐಆರ್ ತೆಗೆದುಕೊಂಡು ಪ್ಲಾಸ್ಟಿಕ್ ಚಿನ್ನ ಕೊಡುವುದು ವ್ಯಾಪಾರವಲ್ಲ, ಮೋಸ. ಸೊಸೈಟಿಯ ಮಕ್ಕಳೇ ಸೇರಿ ಒಂದು ಕಟ್ಟಳೆ ಮಾಡಿಕೊಂಡರೆ ಒಳ್ಳೆಯದು: ಬದಲಾಯಿಸಿದ ಮರುದಿನ ಸಂಜೆಯವರೆಗೆ ಯಾರು ಬೇಕಾದರೂ ಕಾರ್ಡು ಮರಳಿ ಕೇಳಬಹುದು, ಅಪ್ಪ ಅಮ್ಮನಿಗೆ ತೋರಿಸದೆ ದೊಡ್ಡ ಕಾರ್ಡು ಕೈಬದಲಾಗಬಾರದು.

ಡೊಂಬಿವಲಿಯಲ್ಲಿ ಪೈ ಫ್ರೆಂಡ್ಸ್ ಲೈಬ್ರರಿಯವರು ಪುಸ್ತಕ ಕೊಟ್ಟು ಪುಸ್ತಕ ಒಯ್ಯುವ ವಿನಿಮಯ ಮೇಳ ನಡೆಸುತ್ತಾರೆ. ನಮ್ಮ ಊರುಗಳ ಕನ್ನಡ ಸಂಘಗಳು ಮಕ್ಕಳ ದಿನದಂದು ಸಭಾಂಗಣದ ಒಂದು ಮೂಲೆಯನ್ನು ಕಾರ್ಡು ವಿನಿಮಯಕ್ಕೆ ಬಿಟ್ಟುಕೊಟ್ಟು, ಪಕ್ಕದ ಮೇಜಿನ ಮೇಲೆ ಒಂದು ಕಟ್ಟು ಗಂಜೀಫಾ, ಬಣ್ಣ, 63ಕ್ಕೆ 88ರ ಅಳತೆಗೆ ಕತ್ತರಿಸಿದ ಬಿಳಿ ಡ್ರಾಯಿಂಗ್ ಹಾಳೆ ಇಡಲಿ. ಮಕ್ಕಳು ಬರೆದ ಕಾರ್ಡಿನ ಕೆಳ ಅಂಚಿನಲ್ಲಿ ಅವರವರ ಹೆಸರನ್ನು ಕನ್ನಡದಲ್ಲೇ ಬರೆಸಿ.